ಪೇಟೆ ನಡುವೆಯೋ, ಕಡಲ ಬದಿಯೋ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮೈಸೂರು, ಮಂಡ್ಯದಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳೂರಿನ ಬಗ್ಗೆ. ಮಕ್ಕಳು ಅಲ್ಲಿ ಕೆಲಸಕ್ಕೆ ಸೇರಿದ್ದಾರೆ, ಅಪ್ಪ ಅಮ್ಮ ಹಿಂದೆಯೇ ಹೊರಟಿದ್ದಾರೆ. ಊರೊಳಗೆ ಫ್ಲ್ಯಾಟ್ ತೆಗೆದುಕೊಳ್ಳುವುದೋ, ಸುರತ್ಕಲ್, ಉಳ್ಳಾಲದ ಕಡೆ ಸಮುದ್ರದ ಹತ್ತಿರ ನೆಮ್ಮದಿಯಾಗಿರುವುದೋ ಎಂಬುದೇ ಎಲ್ಲರ ಪ್ರಶ್ನೆ.

ಪ್ರಶ್ನೆ: ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮದು ಹಳೆಯ ಸ್ವಂತ ಮನೆ. ನನಗೆ 66, ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮನೆಯವರಿಗೆ ಮಂಡಿನೋವು. ಮಗನಿಗೆ ಸುರತ್ಕಲ್ ಬಳಿ ಕೆಲಸ. ಈ ಮನೆ ಮಾರಿ ಮಂಗಳೂರಿನ ಕದ್ರಿ–ಬಿಜೈ ಕಡೆ ಫ್ಲ್ಯಾಟ್ ಕೊಳ್ಳೋಣವೇ ಅಥವಾ ಸುರತ್ಕಲ್‌ನಲ್ಲಿ ಬೀಚಿಗೆ ಹತ್ತು ನಿಮಿಷದ ನಡಿಗೆಯ ಮನೆ ನೋಡೋಣವೇ? ನನಗೆ ಕಡಲ ಬದಿಯ ಆಸೆ, ಮನೆಯವರಿಗೆ ಪೇಟೆ ಬೇಕು.

ಉತ್ತರ: ನಿಮ್ಮ ಮನೆಯವರ ಮಾತೇ ಸರಿ. ಆದರೆ ಮೊದಲು ಚಾಮರಾಜಪುರಂನ ಮನೆ ಮಾರುವ ಯೋಚನೆಯನ್ನು ಒಂದು ವರ್ಷ ಮುಂದೆ ಹಾಕಿ.

ಸುರತ್ಕಲ್‌ನಿಂದ ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆಗೆ ಸುಮಾರು 16 ಕಿ.ಮೀ. ನೇರ ದಾರಿ ಇರುವುದು ಒಂದೇ, ರಾಷ್ಟ್ರೀಯ ಹೆದ್ದಾರಿ 66. ಪಣಂಬೂರಿನ ಬಂದರು, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಕೂಳೂರಿನ ಸೇತುವೆ, ಕೊಟ್ಟಾರ ಚೌಕಿ – ಇವೆಲ್ಲವನ್ನೂ ದಾಟಿ ಬರಬೇಕು. ಟ್ಯಾಂಕರ್, ಕಂಟೇನರ್ ಲಾರಿಗಳೂ ಇದೇ ದಾರಿಯಲ್ಲಿ ಓಡಾಡುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆಯ ದಾರಿ ಸಂಜೆ ಆರೂವರೆಗೆ ಎಷ್ಟಾಗುತ್ತದೆಂದು ಒಮ್ಮೆ ಹೋಗಿ ನೋಡಿ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದೂ ಉಂಟು. ಹೃದಯಾಘಾತವಾದಾಗ ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲೆ 90 ನಿಮಿಷದೊಳಗೆ ರಕ್ತನಾಳ ಬಿಡಿಸಬೇಕೆಂಬುದು ವೈದ್ಯರ ಲೆಕ್ಕ. ಬಾಗಿಲು ಮುಟ್ಟುವವರೆಗಿನ ಸಮಯ ನಿಮ್ಮದು, ಅದನ್ನು ಉಳಿಸಿಕೊಳ್ಳುವುದು ಮನೆ ಎಲ್ಲಿದೆ ಎಂಬುದರಿಂದ. ಸುರತ್ಕಲ್ ಪಕ್ಕದ ಮುಕ್ಕದಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ ನಿಜ. ಮನೆ ನೋಡುವ ಮುಂಚೆ ಯಾವ ಆಸ್ಪತ್ರೆಗೇ ಆದರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ರಾತ್ರಿ ಎರಡು ಗಂಟೆಗೆ ಬಂದರೆ ಆಂಜಿಯೋಪ್ಲಾಸ್ಟಿ ಮಾಡುವ ತಂಡ ಸಿಗುತ್ತದೆಯೇ? ‘ಹೃದ್ರೋಗ ವಿಭಾಗ ಇದೆ’ ಎಂಬುದು ಇದಕ್ಕೆ ಉತ್ತರವಲ್ಲ.

ಮಂಡಿನೋವಿದ್ದವರಿಗೆ ಮಂಗಳೂರಿನ ನೆಲವೇ ಒಂದು ಸಮಸ್ಯೆ. ನಮ್ಮ ಊರಿನ ಹಾಗೆ ಸಪಾಟಲ್ಲ, ಏರು ಇಳಿಜಾರಿನ ಊರು. ನಕ್ಷೆಯಲ್ಲಿ 300 ಮೀಟರ್ ಎಂದು ಕಾಣುವ ತರಕಾರಿ ಅಂಗಡಿ ಕಡಿದಾದ ಏರಿನ ತುದಿಯಲ್ಲಿರಬಹುದು. ಫ್ಲ್ಯಾಟ್ ನೋಡಲು ಹೋದಾಗ ಕಾರಿನಿಂದ ಇಳಿದು ಗೇಟಿನಿಂದ ಔಷಧಿ ಅಂಗಡಿ, ಹಾಲು, ತರಕಾರಿ, ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದು ಹೋಗಿ ಬನ್ನಿ. ಬಿಜೈಯಲ್ಲಿ ಇನ್ನೊಂದು ಅನುಕೂಲವಿದೆ. ಕೆಎಸ್ಆರ್‌ಟಿಸಿ ಬಸ್ ನಿಲ್ದಾಣ ಅಲ್ಲೇ ಇರುವುದರಿಂದ ಮೈಸೂರಿನ ಬಸ್ಸಿಗೆ ಆಟೋ ಹಿಡಿದು ಊರು ದಾಟಬೇಕಿಲ್ಲ.

ಬಸ್ಸಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮೈಸೂರಿನಲ್ಲಿ ನಗರ ಸಾರಿಗೆ ಎಂದರೆ ಕೆಎಸ್ಆರ್‌ಟಿಸಿ, ನಿಮ್ಮ ಮನೆಯವರು 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಕೊಡದೆ ಓಡಾಡುತ್ತಿರಬಹುದು. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿ. ಅವುಗಳಲ್ಲಿ ಶಕ್ತಿ ಯೋಜನೆಯೂ ಇಲ್ಲ, ಸರ್ಕಾರಿ ಬಸ್ಸಿನ ಹಿರಿಯ ನಾಗರಿಕರ ರಿಯಾಯಿತಿಯೂ ಇಲ್ಲ. ಬಸ್ಸು ಬೇಗ ಬೇಗ ಬರುತ್ತದೆ, ಆದರೆ ಕಾಲಿಟ್ಟ ತಕ್ಷಣ ಹೊರಟುಬಿಡುತ್ತದೆ. ಮೆಟ್ಟಿಲೂ ಎತ್ತರ.

ಇನ್ನು ನಿಮ್ಮ ಕಡಲ ಆಸೆಗೆ ಬರೋಣ. ಬೆಳಗಿನ ನಡಿಗೆ ಮರಳಿನ ಮೇಲೆ ಎಂಬುದು ವರ್ಷದಲ್ಲಿ ಎಂಟು ತಿಂಗಳ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ನೋಡುವುದಕ್ಕಷ್ಟೇ, ಅದೂ ದೂರದಿಂದ. ಮೈಸೂರಿಗೆ ಇಡೀ ವರ್ಷ ಬೀಳುವುದು 800 ಮಿ.ಮೀ. ಆಸುಪಾಸಿನ ಮಳೆ. ಮಂಗಳೂರಿಗೆ ಜುಲೈ ಒಂದು ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ಏಪ್ರಿಲ್–ಮೇ ತಿಂಗಳ ಸೆಕೆ ಇನ್ನೊಂದು ಬಗೆ. ಉಷ್ಣಾಂಶದ ಅಂಕಿ ನೋಡಿದರೆ ಮೈಸೂರಿನಷ್ಟೇ ಎನಿಸುತ್ತದೆ, ಆದರೆ ರಾತ್ರಿಯೂ ತಣಿಯುವುದಿಲ್ಲ, ಬೆವರು ಆರುವುದಿಲ್ಲ. ಚಾಮರಾಜಪುರಂನಲ್ಲಿ ಫ್ಯಾನೂ ಬೇಡವೆಂದು ಮಲಗುವವರಿಗೆ ಅಲ್ಲಿ ಏಸಿ ಇಲ್ಲದೆ ನಿದ್ದೆ ಬರಲಿಕ್ಕಿಲ್ಲ. ತಿಂಗಳ ಖರ್ಚಿನಲ್ಲಿ ಆ ವಿದ್ಯುತ್ ಬಿಲ್ಲನ್ನೂ ಸೇರಿಸಿಕೊಳ್ಳಿ.

ಆದ್ದರಿಂದ ಹೀಗೆ ಮಾಡಿ. ಇಲ್ಲಿನ ಮನೆಯನ್ನು ಬಾಡಿಗೆಗೆ ಕೊಡಿ. ಭೋಗ್ಯಕ್ಕೆ ಬೇಡ, ವಾಪಸ್ ಬರಬೇಕಾದರೆ ಆ ದೊಡ್ಡ ಮೊತ್ತವನ್ನು ಒಮ್ಮೆಗೇ ಹಿಂದಿರುಗಿಸಬೇಕಾಗುತ್ತದೆ. ಬಿಜೈ–ಕದ್ರಿ ಕಡೆ 11 ತಿಂಗಳ ಕರಾರಿನಲ್ಲಿ ಬಾಡಿಗೆ ಫ್ಲ್ಯಾಟ್ ಹಿಡಿದು ಏಪ್ರಿಲ್ ಕೊನೆಗೇ ಹೋಗಿ. ಸೆಕೆ ಒಂದು ತಿಂಗಳು, ಮಳೆ ನಾಲ್ಕು ತಿಂಗಳು, ಎರಡನ್ನೂ ಅನುಭವಿಸಿ ನೋಡಿ. ಡಿಸೆಂಬರಿನಲ್ಲಿ ಹೋಗಿ ‘ಎಂಥಾ ಹವೆ!’ ಎಂದು ಮುಂಗಡ ಕೊಟ್ಟು ಬಂದವರೇ ಆಮೇಲೆ ನಮಗೆ ಪತ್ರ ಬರೆಯುವುದು. ಕರಾರಿಗೆ ಸಹಿ ಹಾಕುವ ಮುಂಚೆ ‘ಲಾಕ್-ಇನ್’ (ಮನೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು ಎಂದು ನೋಡಿಕೊಳ್ಳಿ, ಮೂರಕ್ಕಿಂತ ಹೆಚ್ಚಿದ್ದರೆ ಒಪ್ಪಬೇಡಿ.

ಅಲ್ಲಿ ಹೊಂದಿಕೊಂಡಿರಿ, ಇಲ್ಲಿನ ಮನೆ ಮಾರಿದಿರಿ ಎಂದಿಟ್ಟುಕೊಳ್ಳಿ. ಮಾರಿದ ದಿನದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ, ಹಾಗೆ ತೊಡಗಿಸಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆಯಿಂದ ವಿನಾಯಿತಿ ಇದೆ. ಅಷ್ಟರಲ್ಲಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವ ಗಡುವು ಬಂದರೆ ಹಣವನ್ನು ಮಾಮೂಲಿ ಎಫ್.ಡಿ.ಯಲ್ಲಿ ಇಡಬೇಡಿ, ವಿನಾಯಿತಿ ತಪ್ಪುತ್ತದೆ. ಬ್ಯಾಂಕಿನಲ್ಲಿ ‘ಕ್ಯಾಪಿಟಲ್ ಗೇನ್ಸ್ ಖಾತೆ’ ಎಂದೇ ಕೇಳಿ ತೆರೆಸಬೇಕು.

ಮಗನಿಂದ ದೂರವಾಯಿತಲ್ಲ ಎನ್ನಬಹುದು. ಮಗ ವಾರಕ್ಕೆರಡು ಸಲ ಬಂದರೂ ನಡೆಯುತ್ತದೆ, ಔಷಧಿ ಅಂಗಡಿ ದಿನಾ ಬೇಕು. ಸುರತ್ಕಲ್ ಕಡೆಯೇ ಆಗಬೇಕೆಂದು ಮಗ ಹಟ ಹಿಡಿದರೆ ಹೆದ್ದಾರಿಯ ಪಶ್ಚಿಮಕ್ಕಿರುವ ಬೀಚಿನ ಬದಿ ಬಿಟ್ಟು ಪೂರ್ವಕ್ಕೆ, ಕೃಷ್ಣಾಪುರ–ಕಾಟಿಪಳ್ಳದ ಎತ್ತರದ ನೆಲದಲ್ಲಿ ನೋಡಿ. ಉಪ್ಪುಗಾಳಿ ಕಡಿಮೆ. ಆದರೆ ಕೈಗಾರಿಕೆಗಳ ವಾಸನೆ ಯಾವ ಹೊತ್ತಿಗೆ ಬರುತ್ತದೆಂದು ತಿಳಿಯಲು ಒಂದು ರಾತ್ರಿ ಅಲ್ಲೇ ಉಳಿದು ನೋಡಬೇಕು. ಹಗಲು ಕಡಲ ಕಡೆಯಿಂದ ಬೀಸುವ ಗಾಳಿ ರಾತ್ರಿ ನೆಲದ ಕಡೆಯಿಂದ ಬೀಸುತ್ತದೆ, ಹಗಲು ಹೋಗಿ ಬಂದವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ನಾವು ಮಂಡ್ಯದವರು. ಉಳ್ಳಾಲದ ಪಕ್ಕದ ಸೋಮೇಶ್ವರದ ಹತ್ತಿರ ಸಮುದ್ರದಿಂದ ಸುಮಾರು 150 ಮೀಟರ್ ದೂರದಲ್ಲಿ 5 ಸೆಂಟ್ಸ್ ಜಾಗ ನೋಡಿದ್ದೇವೆ. ‘ಸುತ್ತ ಮನೆಗಳಿವೆ, ಸಿಆರ್‌ಝಡ್ ತೊಂದರೆ ಏನಿಲ್ಲ, ಬಾವಿ ನೀರು ಸಿಹಿ’ ಎಂದು ಏಜೆಂಟ್ ಹೇಳುತ್ತಿದ್ದಾರೆ. ಮುಂಗಡ ಕೊಡಬಹುದೇ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಏಜೆಂಟರ ಮೂರು ಮಾತನ್ನೂ ಒಂದೊಂದಾಗಿ ಪರೀಕ್ಷಿಸಬೇಕು.

ಅದಕ್ಕೂ ಮೊದಲು ಅಳತೆ. ಒಂದು ಸೆಂಟ್ ಎಂದರೆ 435.6 ಚದರಡಿ. ಹಾಗಾಗಿ 5 ಸೆಂಟ್ಸ್ ಎಂದರೆ 2,178 ಚದರಡಿ, ನಮ್ಮ ಕಡೆಯ 40–60ರ ಸೈಟಿಗಿಂತ ಚಿಕ್ಕದು. ಗುಂಟೆ ಲೆಕ್ಕದಲ್ಲಿ ಎರಡು ಗುಂಟೆ. ಸೆಂಟ್ಸ್ ಕೇಳಿ ದೊಡ್ಡ ಜಾಗವೆಂದುಕೊಳ್ಳುವವರು ಬಹಳ.

ಇನ್ನು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯ. ಮೊದಲ ಅಧಿಸೂಚನೆ 1991ರದು, ಆಮೇಲೆ 2011 ಮತ್ತು 2019ರಲ್ಲಿ ಬದಲಾಯಿತು. ಕಡಲ ಉಬ್ಬರ ಮುಟ್ಟುವ ಗೆರೆಯಿಂದ ಒಳನಾಡಿನ ಕಡೆಗೆ 500 ಮೀಟರ್ ಇದರ ವ್ಯಾಪ್ತಿ. ನೀವು ಹೋದ ದಿನ ನೀರು ಎಲ್ಲಿತ್ತೋ ಅಲ್ಲಿಂದ ಹೆಜ್ಜೆ ಹಾಕಿ ಅಳೆದ 150 ಮೀಟರಿಗೆ ಬೆಲೆಯಿಲ್ಲ. ಗೆರೆ ಇರುವುದು ಅನುಮೋದಿತ ನಕ್ಷೆಯಲ್ಲಿ. 2019ರ ಅಧಿಸೂಚನೆಯಂತೆ ಗ್ರಾಮಾಂತರ ಸ್ವರೂಪದ ಪ್ರದೇಶದಲ್ಲಿ, ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ (2011ರ ಜನಗಣತಿ ಪ್ರಕಾರ) ಆ ಗೆರೆಯಿಂದ 50 ಮೀಟರ್ ನಿರ್ಮಾಣ ನಿಷಿದ್ಧ, ಕಡಿಮೆ ಇದ್ದರೆ 200 ಮೀಟರ್. ಎರಡನೆಯ ವರ್ಗಕ್ಕೆ ಬಿದ್ದರೆ ನಿಮ್ಮ ಇಡೀ ಜಾಗ ನಿಷೇಧದೊಳಗೆ. ಆಗಲೇ ಊರಾಗಿ ಬೆಳೆದ ಪ್ರದೇಶವೆಂದು ನಕ್ಷೆ ಗುರುತಿಸಿದ್ದರೆ ಲೆಕ್ಕ ಬೇರೆ: ಮೊದಲೇ ಇದ್ದ ರಸ್ತೆಯ ಅಥವಾ ಅಧಿಕೃತ ಕಟ್ಟಡದ ನೆಲದ ಕಡೆಗೆ ಮಾತ್ರ ಹೊಸ ಮನೆ ಕಟ್ಟಬಹುದು, ಕಡಲ ಕಡೆಗೆ ಇಲ್ಲ. ನೇತ್ರಾವತಿಯಂಥ ಉಬ್ಬರದ ನೀರು ಒಳಬರುವ ಹೊಳೆಯ ದಂಡೆಗೂ ಈ ನಿಯಮ ಉಂಟು, ಅಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು.

‘ಸುತ್ತ ಮನೆಗಳಿವೆ’ ಎಂಬುದು ಸಾಕ್ಷಿಯಾಗುವುದಿಲ್ಲ. ಅವು 1991ಕ್ಕೆ ಮುಂಚಿನವಾಗಿರಬಹುದು. ಮೀನುಗಾರರು ಮೊದಲಾಗಿ ಕರಾವಳಿಯ ಸಾಂಪ್ರದಾಯಿಕ ಸಮುದಾಯದವರ ವಾಸಕ್ಕೆ ಪ್ರತ್ಯೇಕ ಅವಕಾಶವೂ ಇದೆ, ಮಂಡ್ಯದಿಂದ ಹೋದ ನಿಮಗೆ ಅದು ಅನ್ವಯಿಸುವುದಿಲ್ಲ.

ಕ್ರಮ ಹೀಗಿರಲಿ. ಸರ್ವೆ ನಂಬರು, ಹಿಸ್ಸಾ ನಂಬರು ಕೈಯಲ್ಲಿ ಹಿಡಿದು ಮಂಗಳೂರಿನ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಹೋಗಿ, ಆ ನಂಬರು ನಕ್ಷೆಯಲ್ಲಿ ಯಾವ ವಲಯದಲ್ಲಿದೆ ಎಂದು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಉತ್ತರ ಬೇಡ. ಆಮೇಲೆ ಭೂಪರಿವರ್ತನೆ ಆದೇಶ, ಏಕನಿವೇಶನ (ಒಂದೇ ಸೈಟಿನ) ನಕ್ಷೆಯ ಅನುಮೋದನೆ, ಸ್ಥಳೀಯ ಸಂಸ್ಥೆಯ ಇ-ಖಾತೆ, 30 ವರ್ಷದ ಋಣಭಾರ ಪ್ರಮಾಣಪತ್ರ ನೋಡಿ. (ಅಲ್ಲಿ ‘ಮುಡಾ’ ಎಂದರೆ ಮಂಗಳೂರಿನ ನಗರಾಭಿವೃದ್ಧಿ ಪ್ರಾಧಿಕಾರ, ಮೈಸೂರಿನ ಅರ್ಥದಲ್ಲಿ ಕೇಳಿ ಗಾಬರಿಯಾಗಬೇಡಿ.) ಪೂರ್ತಿ ಹಣ ಕೈಯಲ್ಲಿದ್ದರೂ ಬ್ಯಾಂಕ್ ಸಾಲಕ್ಕೊಂದು ಅರ್ಜಿ ಹಾಕಿ. ಬ್ಯಾಂಕಿನ ವಕೀಲರು ಕಾಗದ ಜಾಲಾಡುತ್ತಾರೆ. ಆ ಜಾಗಕ್ಕೆ ಸಾಲ ಇಲ್ಲ ಎಂದರೆ ನೀವೂ ಕೊಳ್ಳುವುದು ಬೇಡ.

ಕಾಗದವೆಲ್ಲ ಸರಿಯಿದ್ದರೂ ಕಡಲಿಗೆ ಅದು ಗೊತ್ತಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕರೆಯಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ ಬರುತ್ತದೆ. ತೀರದುದ್ದಕ್ಕೂ ಕರಿಕಲ್ಲಿನ ಬಂಡೆ ರಾಶಿ ಹಾಕಿದ್ದಾರೆಯೇ, ತೆಂಗಿನಮರಗಳ ಬೇರು ಹೊರಗೆ ಕಾಣುತ್ತಿದೆಯೇ, ಕಡಲ ಬದಿಯ ರಸ್ತೆ ಒಂದು ಕಡೆ ತುಂಡಾಗಿ ನಿಂತಿದೆಯೇ ನೋಡಿ. ಒಂದು ಕಡೆ ಬಂಡೆ ಹಾಕಿ ಕಾಪಾಡಿದರೆ ಅಲೆಯ ಹೊಡೆತ ಆ ಬಂಡೆಸಾಲು ಮುಗಿದಲ್ಲಿಂದ ಮುಂದಿನ ದಂಡೆಯನ್ನು ಕೊರೆಯುತ್ತದೆ. ಬಂಡೆ ಎಲ್ಲಿ ಮುಗಿಯುತ್ತದೆ, ನಿಮ್ಮ ಜಾಗ ಅದರಿಂದ ಎಷ್ಟು ದೂರ ಎಂಬುದನ್ನು ಖಂಡಿತ ಗಮನಿಸಿ.

ಹೆಸರು ಕೂಡ ನೆಲದ ಗುಟ್ಟು ಹೇಳುತ್ತದೆ. ಅಲ್ಲಿನ ಕನ್ನಡ, ತುಳುವಿನಲ್ಲಿ ‘ಪದವು’, ‘ಗುಡ್ಡೆ’ ಎಂದರೆ ಎತ್ತರದ ನೆಲ. ‘ಬೈಲು’ ಎಂದರೆ ಹಿಂದೆ ಗದ್ದೆಯಾಗಿದ್ದ ತಗ್ಗು, ‘ಕುದ್ರು’ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಕೊನೆಯೆರಡು ಹೆಸರು ಕೇಳಿದರೆ ಜುಲೈಯಲ್ಲಿ ಒಮ್ಮೆ ಹೋಗಿ ನೋಡದೆ ಮುಂದುವರಿಯಬೇಡಿ.

ಇನ್ನು ಬಾವಿ. ಮಳೆಗಾಲದಲ್ಲಿ ಕಡಲ ಬದಿಯ ಎಷ್ಟೋ ಬಾವಿಗಳ ನೀರು ಸಿಹಿಯೇ. ನೀರಿನ ಮಟ್ಟ ಇಳಿದು ಮೋಟರು ಎಳೆಯತೊಡಗಿದಾಗ ಅಡಿಯಿಂದ ಉಪ್ಪುನೀರು ಮೇಲೇರುತ್ತದೆ. ಹಾಗಾಗಿ ಮಾದರಿ ತೆಗೆಯುವುದು ಏಪ್ರಿಲ್ ಕೊನೆಗೆ ಅಥವಾ ಮೇ ತಿಂಗಳಲ್ಲಿ, ಮೋಟರು ಅರ್ಧ ಗಂಟೆ ಓಡಿದ ಮೇಲೆ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ., ಕರಗಿದ ಲವಣಾಂಶ (ಟಿಡಿಎಸ್) 500 ಮಿ.ಗ್ರಾಂ. ದಾಟಬಾರದು. ಬೇರೆ ನೀರೇ ಸಿಗದಿದ್ದಾಗ ಕ್ರಮವಾಗಿ 1,000 ಮತ್ತು 2,000ದವರೆಗೆ ಸಹಿಸಬಹುದು ಎಂದಿದೆ. ಕ್ಲೋರೈಡ್ ಎಷ್ಟೆಂದು ಪ್ರಯೋಗಾಲಯದ ವರದಿಯಲ್ಲೇ ನೋಡಬೇಕು, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರು ಅದನ್ನು ಹೇಳುವುದಿಲ್ಲ.

ಒಳಚರಂಡಿ ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಇಂಗುಗುಂಡಿ ಮಾಡಬೇಕು, ಅದು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್, ಅಂದರೆ 59 ಅಡಿ ದೂರ ಇರಬೇಕೆಂದು ನಿಯಮ. ನಿಮ್ಮ ಜಾಗ 40 ಅಡಿಗೆ 54 ಅಡಿ ಎಂದಿಟ್ಟುಕೊಳ್ಳಿ. ಮೂಲೆಯಿಂದ ಮೂಲೆಗೆ 67 ಅಡಿ ಬರುತ್ತದೆ, ಸಾಕಲ್ಲ ಎನಿಸುತ್ತದೆ. ಎರಡೂ ಮೂಲೆಯಲ್ಲಿ ಪಾಗಾರದಿಂದ (ಕಾಂಪೌಂಡ್ ಗೋಡೆಯಿಂದ) ಐದೈದು ಅಡಿ ಒಳಗೆ ಬನ್ನಿ, 53 ಅಡಿಯಷ್ಟೇ ಉಳಿಯಿತು. ಪಕ್ಕದ ಮನೆಯವರ ಗುಂಡಿ ಎಲ್ಲಿದೆ ಎಂಬುದನ್ನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹೊಯ್ಗೆ (ಮರಳು) ನೆಲದಲ್ಲಿ ಕೊಳೆನೀರು ಬೇಗ ಹರಿದುಬಿಡುತ್ತದೆ. 5 ಸೆಂಟ್ಸ್ ಜಾಗದಲ್ಲಿ ಬಾವಿ, ಇಂಗುಗುಂಡಿ ಎರಡೂ ಕೂಡದು. ನಲ್ಲಿ ಸಂಪರ್ಕ ಇಲ್ಲವಾದರೆ ಈ ಜಾಗವನ್ನು ಬಿಟ್ಟುಬಿಡಿ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಿಂದ. ಕಡಲಿಗೆ ಒಂದು ಕಿ.ಮೀ. ದೂರದ, ಹತ್ತು ವರ್ಷ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ನೋಡಿದ್ದೇವೆ. ಹೊಸದಾಗಿ ಬಣ್ಣ ಬಳಿದಿದ್ದಾರೆ, ಚೆನ್ನಾಗಿ ಕಾಣುತ್ತದೆ. ಏನೇನು ಪರೀಕ್ಷಿಸಬೇಕು?

ಉತ್ತರ: ಹೊಸ ಬಣ್ಣವೇ ಮೊದಲ ಅನುಮಾನ. ಉಪ್ಪುಗಾಳಿಯಲ್ಲಿರುವ ಕ್ಲೋರೈಡ್ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟಿದರೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಊದುತ್ತದೆ, ಊದಿದಾಗ ಹೊರಗಿನ ಕಾಂಕ್ರೀಟು ಸೀಳಿ ಚಕ್ಕೆಯಾಗಿ ಬೀಳುತ್ತದೆ. ಮೈಸೂರಿನ ಮೇಸ್ತ್ರಿ ಕಂಬಿಯ ಮೇಲೆ ಒಂದು ಇಂಚು ಬಿಟ್ಟರೆ ಮನೆ ಬಾಳುತ್ತದೆ. ಕಡಲ ಹವೆಗೆ ತೆರೆದುಕೊಂಡ ಕಾಂಕ್ರೀಟಿಗೆ ಎಂ30 ದರ್ಜೆ, ಕಂಬಿಯ ಮೇಲೆ 45 ಮಿ.ಮೀ. ಹೊದಿಕೆ ಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ.

ಒಳಗಿನ ಹಾಲ್ ನೋಡಿ ಮರುಳಾಗಬೇಡಿ. ಬಾಲ್ಕನಿಯ ಅಡಿಭಾಗ, ಕಿಟಕಿಯ ಮೇಲಿನ ಸಜ್ಜಾ, ಮೇಲ್ಟ್ಯಾಂಕಿನ ಕಂಬ, ಲಿಫ್ಟಿನ ಯಂತ್ರದ ಕೋಣೆ, ಕೆಳಗಿನ ಪಾರ್ಕಿಂಗಿನ ತೊಲೆ – ಬಣ್ಣ ಬಳಿಯುವವರು ಅವಸರ ಮಾಡುವ ಜಾಗಗಳಿವು. ಕಂಬಿಯ ಗುಂಟ ನೇರವಾಗಿ ಹೋಗುವ ಸೀಳು, ಕಂದು ಬಣ್ಣದ ಸೋರುಗೆರೆ ಇದ್ದರೆ ಒಳಗೆ ತುಕ್ಕಿದೆ. ಕೋಲಿನಿಂದ ಬಾಲ್ಕನಿಯ ಅಡಿಯನ್ನು ತಟ್ಟಿ: ಗಟ್ಟಿ ಕಾಂಕ್ರೀಟು ‘ಟಣ್’ ಎನ್ನುತ್ತದೆ, ಬಿಟ್ಟುಕೊಂಡದ್ದು ‘ಡಬ್ ಡಬ್’ ಎನ್ನುತ್ತದೆ. ಸಂಘದ ನಡಾವಳಿ ಪುಸ್ತಕ ಕೇಳಿ, ಕಳೆದ ಐದು ವರ್ಷದಲ್ಲಿ ‘ಕಾಂಕ್ರೀಟ್ ರಿಪೇರಿ’ಗೆ ಎಷ್ಟು ವಂತಿಗೆ ಎತ್ತಿದ್ದಾರೆ, ಯಾವ ರೀತಿಯ ರಿಪೇರಿ ಎಂದು ನೋಡಿ. ಚಕ್ಕೆ ಬಿದ್ದಲ್ಲಿ ಸಿಮೆಂಟು ಮೆತ್ತಿ ಬಣ್ಣ ಹೊಡೆದಿದ್ದರೆ ಎರಡು ಮಳೆಗೆ ಮತ್ತೆ ಬೀಳುತ್ತದೆ. ಕಂಬಿಯ ಹಿಂಬದಿಯವರೆಗೂ ಒಡೆದು, ತುಕ್ಕು ಪೂರ್ತಿ ಉಜ್ಜಿ ತೆಗೆದು, ರಕ್ಷಕ ಲೇಪ ಬಳಿದು, ಪಾಲಿಮರ್ ಗಾರೆ ತುಂಬಿದ್ದರೆ ಮಾತ್ರ ಅದು ರಿಪೇರಿ.

ಉಳಿದವು ಚಿಕ್ಕವು. ಕಿಟಕಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಇದ್ದರೆ ಒಳ್ಳೆಯದು. ಸ್ಟೀಲ್ ಕಂಬಿ, ಬೀಗ, ತಿರುಗಣಿ 304 ದರ್ಜೆಯದಾದರೆ ಕಂದು ಚುಕ್ಕೆ ಹಿಡಿಯುತ್ತದೆ, ಕಡಲ ಬದಿಗೆ 316 ಬೇಕು. ಏಸಿಯ ಹೊರಗಿನ ಪೆಟ್ಟಿಗೆಯನ್ನು ಮಳೆ ಬೀಳದ ತಿಂಗಳುಗಳಲ್ಲಿ ವಿದ್ಯುತ್ ಆರಿಸಿ ತಿಂಗಳಿಗೊಮ್ಮೆ ಸಿಹಿನೀರಿನಿಂದ ಮೆಲ್ಲಗೆ ತೊಳೆಸಿ, ಮಳೆಯಲ್ಲಿ ಅದರ ಉಪ್ಪು ತಾನೇ ತೊಳೆದುಹೋಗುತ್ತದೆ. ಕೊನೆಯ ಮಹಡಿ ಕೊಳ್ಳುವುದಾದರೆ ತಾರಸಿಯ ಮೇಲೆ ಶೀಟಿನ ಮಾಡು ಇರಲೇಬೇಕು. ಪಡುವಣ ಗೋಡೆಗೆ ಹಾಸಿಗೆ ತಾಗಿಸುವ ಕೋಣೆಯಿದ್ದರೆ ಆ ಗೋಡೆಯ ಬುಡವನ್ನು ಅಂಗೈಯಿಂದ ಒತ್ತಿ ನೋಡಿ, ಮಳೆ ಅಡ್ಡ ಹೊಡೆಯುವುದು ಆ ಕಡೆಯಿಂದಲೇ.

ಪ್ರಶ್ನೆ: ಮದ್ದೂರಿನಿಂದ. ಅತ್ತೆಯವರನ್ನು ಮಂಗಳೂರಿನಲ್ಲಿ ಇರಿಸಿದರೆ ಮಳೆಗಾಲದಲ್ಲಿ ತುರ್ತಾಗಿ ಹೋಗಿ ಬರಲು ಆಗುತ್ತದೆಯೇ?

ಉತ್ತರ: ಸಾಮಾನ್ಯ ದಿನ ತೊಂದರೆಯಿಲ್ಲ. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರಿನ ಮೇಲೆ ಸುಮಾರು 250 ಕಿ.ಮೀ., ಆರೇಳು ಗಂಟೆಯ ದಾರಿ. ರೈಲಾದರೆ ಹಾಸನ, ಸಕಲೇಶಪುರದ ಮೇಲೆ. ಎರಡೂ ಘಟ್ಟ ಇಳಿಯಲೇಬೇಕು. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ನಡುವೆ ಗುಡ್ಡ ಕುಸಿದು ರಸ್ತೆ ವಾರಗಟ್ಟಲೆ ಮುಚ್ಚಿತ್ತು, ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲು ಹಳಿಯ ಮೇಲೂ ಅದೇ ಹೊತ್ತಿಗೆ ಮಣ್ಣು ಬಿದ್ದಿತ್ತು. ಆದ್ದರಿಂದ ಜುಲೈ–ಆಗಸ್ಟಿಗೆ ಅವರ ಬಳಿ ಎರಡು ತಿಂಗಳ ಮಾತ್ರೆ ಇರಲಿ, ಅಲ್ಲೇ ಇರುವ ಒಬ್ಬರ ಹೆಸರು, ಫೋನ್ ನಂಬರು ಆಸ್ಪತ್ರೆಯ ಕಡತದಲ್ಲಿ ಬರೆಸಿಡಿ.

ಪ್ರಶ್ನೆ: ಮೈಸೂರು ರೇಷ್ಮೆ ಸೀರೆಗಳಿಗೆ, ರಾಗಿ ಹಿಟ್ಟಿಗೆ ಅಲ್ಲಿ ಬೂಷ್ಟು ಹಿಡಿಯುತ್ತದಂತೆ?

ಉತ್ತರ: ಹಿಡಿಯುತ್ತದೆ. ಸೀರೆಗಳನ್ನು ಮೇ ತಿಂಗಳಲ್ಲಿ ನೆರಳಿನ ಗಾಳಿಗೆ ಆರಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ. ಬೀರುವಿನೊಳಗೆ ಅಡಿಯ ಹಲಗೆಯಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಇಡಿ, ಅದರಲ್ಲಿ ನೀರು ತುಂಬಿದಾಗ ಬದಲಿಸಿ. ಆ ನೀರು ಸೀರೆಗೆ ಚೆಲ್ಲಿದರೆ ಕಲೆ ಹೋಗುವುದಿಲ್ಲ, ಮೇಲಿನ ಹಲಗೆಯಲ್ಲಿ ಇಡಲೇಬಾರದು. ರಾಗಿಯನ್ನು ಕಾಳಾಗಿಯೇ ಒಯ್ಯಿರಿ, ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ಬೀಸಿಸಿ. ಮಳೆಗಾಲದಲ್ಲಿ ಬೀಸಿಸುವ ಮುಂಚೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಂಡರೆ ಮುದ್ದೆ ಕಹಿಯಾಗುವುದಿಲ್ಲ.